ಎಡಗಡೆಯ ಹನ್ನೊಂದು ರೆಕ್ಕೆಗಳು

ವಿಮಾನ ಕಟ್ಟುವುದು ಕಷ್ಟದ ಕೆಲಸ ಎಂಬ ತಪ್ಪು ತಿಳಿವಳಿಕೆ ಜನರಲ್ಲಿದೆ. ನನಗೆ ಅದು ಎಂದೂ ಇರಲಿಲ್ಲ. ನಾನು ಬಿ.ಇ. ಮೆಕ್ಯಾನಿಕಲ್. ನಮ್ಮ ವಂಶದಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳದೆ, ಪೆನ್ನು ಹಿಡಿದು ಸಹಿ ಮಾಡಿದ ಮೊದಲ ಕೈ ನನ್ನದು. ನಾಲ್ಕು ವರ್ಷದ ಓದನ್ನು ಆರು ವರ್ಷ ಓದಿದ್ದೇನೆ. ಹಾಗಾಗಿ ಉಳಿದವರಿಗಿಂತ ಎರಡು ವರ್ಷ ಹೆಚ್ಚು ಓದಿದವನು ಎಂದೇ ನನ್ನ ಲೆಕ್ಕ!

ಓದು ಮುಗಿಸಿ ಬೆಂಗಳೂರಿನ ಹತ್ತಿರ ಒಂದು ಕಾರು ಕಾರ್ಖಾನೆಯಲ್ಲಿ ಆರು ವರ್ಷ ದುಡಿದೆ. ಎಡಗಡೆಯ ಮುಂದಿನ ಬಾಗಿಲು ಕೂರಿಸುವುದು ನನ್ನ ಕೆಲಸ. ಕಾರು ಬರುತ್ತದೆ, ಬಾಗಿಲು ಕೂರಿಸುತ್ತೇನೆ, ಕಾರು ಹೋಗುತ್ತದೆ. ಇನ್ನೊಂದು ಬರುತ್ತದೆ. ನಾನು ಕೂರಿಸಿದ ಬಾಗಿಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಹಿರಿಯೂರಿನಿಂದ ಹೊಸದುರ್ಗದವರೆಗೆ ಬೇಲಿ ಆಗುತ್ತದೆ. ಬಲಗಡೆಯ ಬಾಗಿಲನ್ನು ಯಾರು ಕೂರಿಸುತ್ತಿದ್ದರೋ ನನಗೆ ಗೊತ್ತಿಲ್ಲ. ಅವರು ಕಾರಿನ ಆ ಕಡೆ ಇದ್ದರು.

ಈಗ ಹಿರಿಯೂರಿನ ಒಂದು ಖಾಸಗಿ ಐ.ಟಿ.ಐ.ನಲ್ಲಿ ಮೇಷ್ಟ್ರು. ಅಪ್ಪ ನಮ್ಮ ಜೊತೆಗೇ ಇದ್ದಾನೆ. ವಿಮಾನದ ಕಥೆ ಶುರುವಾದದ್ದು ಅಪ್ಪನ ಕಣ್ಣಿನಿಂದ.

ಅಪ್ಪ ಬಬ್ಬೂರು ಫಾರಂನಲ್ಲಿ ಮೂವತ್ತು ವರ್ಷ ಕೂಲಿ ಮಾಡಿದವನು. ಹಕ್ಕಿ ಕಾಯುವ ಕೂಲಿ. ಅಲ್ಲಿ ಹೊಸ ತಳಿಯ ಜೋಳ, ಸಜ್ಜೆ, ಸೂರ್ಯಕಾಂತಿಯನ್ನು ಚೌಕ ಚೌಕ ತಾಕುಗಳಲ್ಲಿ ಬೆಳೆದು ಪರೀಕ್ಷೆ ಮಾಡುತ್ತಾರೆ. ಕಾಳು ಹಾಲುಗಟ್ಟುವ ಹೊತ್ತಿಗೆ ಗಿಳಿಗಳು ಬರುತ್ತವೆ. ಗಿಳಿ ತಿಂದರೆ ಪರೀಕ್ಷೆ ಹಾಳು. ಅದಕ್ಕೇ ಅಪ್ಪ ಅಟ್ಟಣೆಯ ಮೇಲೆ ನಿಂತು ಡಬ್ಬ ಬಡಿಯಬೇಕು, 'ಹೋಯ್ ಹೋಯ್' ಎಂದು ಕೂಗಬೇಕು. ಆ ಡಬ್ಬದ ಸದ್ದಿನಲ್ಲೇ ನಾನು ಬಿ.ಇ. ಆದೆ.

ಚಿತ್ರದುರ್ಗದ ಕಣ್ಣಿನ ಡಾಕ್ಟರು ಹೇಳಿದರು: ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಹನಿ ಹಾಕುತ್ತಿರಿ, ಉಳಿದದ್ದು ಒಂದು ವರ್ಷ ಇದ್ದರೆ ಹೆಚ್ಚು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಅಪ್ಪಾ, ಏನಾದ್ರೂ ನೋಡ್ಬೇಕು ಅಂತ ಐತಾ?"

ತಿರುಪತಿ ಎನ್ನುತ್ತಾನೆ, ಇಲ್ಲ ಸಮುದ್ರ ಎನ್ನುತ್ತಾನೆ ಎಂದುಕೊಂಡಿದ್ದೆ. ಅಪ್ಪ ಕಿಟಕಿಯ ಆಚೆ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನೇ ನೋಡುತ್ತಾ ಕೂತಿದ್ದ.

"ನಮ್ ಫಾರಂನ ಮ್ಯಾಲಿಂದ ನೋಡ್ಬೇಕು ಕಣಪ್ಪ."

"ಮ್ಯಾಲಿಂದ ಅಂದ್ರೆ?"

"ಮ್ಯಾಲಿಂದ ಅಂದ್ರೆ ಮ್ಯಾಲಿಂದ. ಮೂವತ್ತು ವರ್ಷ ಓಡ್ಸಿದ್ರೂ ಆ ಗಿಳಿ ತಿರುಗಿ ತಿರುಗಿ ಬರ್ತಿದ್ವಲ್ಲ. ಅವುಕ್ಕೆ ಅದ್ರಾಗೆ ಏನ್ ಕಾಣ್ತಿತ್ತೋ ಒಂದ್ಸಲ ನೋಡ್ಬೇಕು." ಆಮೇಲೆ ಸೇರಿಸಿದ: "ಸದ್ದು ಮಾಡ್ಕಂಡು ಹೋಗದು ಬ್ಯಾಡ. ಹೆದರ್ಕಂತವೆ. ಹೆದರ್ಸಿದ್ದು ಸಾಕು."

ಬೇರೆ ಯಾರಾದರೂ ಆಗಿದ್ದರೆ ಅಪ್ಪನ ಕೈ ಹಿಡಿದುಕೊಳ್ಳುತ್ತಿದ್ದರು. ನಾನು ಪದವೀಧರ. ಜೇಬಿನಿಂದ ನೋಟ್‌ಬುಕ್ ತೆಗೆದೆ!

ವಿಮಾನ ಯಾಕೆ ದುಬಾರಿ? ಒಂದೊಂದನ್ನೇ ಕೂತು ಕೈಯಲ್ಲಿ ಕಟ್ಟುತ್ತಾರೆ, ಅದಕ್ಕೆ. ಕಾರು ಯಾಕೆ ಅಗ್ಗ? ಒಬ್ಬನಿಗೆ ಒಂದೇ ಕೆಲಸ, ಒಂದೇ ಅಚ್ಚು, ಸಾವಿರ ಸಲ. ವಿಮಾನ ಯಾಕೆ ಅಷ್ಟು ಸದ್ದು ಮಾಡುತ್ತದೆ? ಪೆಟ್ರೋಲ್ ಎಂಜಿನ್ನು, ಸಣ್ಣ ಫ್ಯಾನು, ವಿಪರೀತ ವೇಗ. ದೊಡ್ಡ ಫ್ಯಾನನ್ನು ಬ್ಯಾಟರಿ ಮೋಟಾರಿನಿಂದ ನಿಧಾನವಾಗಿ ತಿರುಗಿಸಿದರೆ ಸದ್ದೇ ಇಲ್ಲ. ಬಸ್ಸು ಹಿರಿಯೂರು ಮುಟ್ಟುವಷ್ಟರಲ್ಲಿ "ಹಳೇ ಕಾರಿನ ಬೆಲೆಗೆ, ಸೀಲಿಂಗ್ ಫ್ಯಾನಿನ ಸದ್ದಿಗೆ, ಮನೆಗೊಂದು ವಿಮಾನ!" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ.

ನನ್ನ ಹೆಂಡತಿ ಮಂಜುಳಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮೆಷಿನ್ ನಿಲ್ಲಿಸಿ ಪೂರ್ತಿ ಕೇಳಿದಳು.

"ರೀ, ಮಾವಂಗೆ ಬೇಕಾಗಿರೋದು ಒಂದ್ಸಲ ಮ್ಯಾಲೆ ಹೋಗಿ ಬರೋದು. ಅದಕ್ಕೆ ಮನೆಗೊಂದು ಯಾಕ್ರೀ?"

"ನಿನಗೆ ಗೊತ್ತಾಗಲ್ಲ. ಒಂದು ಕಟ್ಟಿದ್ರೆ ದುಬಾರಿ. ಸಾವಿರ ಕಟ್ಟಿದ್ರೆ ಅಗ್ಗ."

"ಅಗ್ಗ ಅಂತ ಸಾವಿರ ಕಟ್ತೀರಾ? ಹೋದ್ಸಲ ಅಗ್ಗ ಅಂತ ಮೂಟೆ ಈರುಳ್ಳಿ ತಂದಿದ್ರಿ. ಅರ್ಧ ಮೊಳಕೆ ಬಂತು!"

ಈರುಳ್ಳಿಗೂ ವಿಮಾನಕ್ಕೂ ವ್ಯತ್ಯಾಸ ತಿಳಿಯದವರ ಜೊತೆ ವಾದ ಸಲ್ಲದು ಎಂದು ನಾನು ರಹಮತ್ ಸಾಬರ ಹತ್ತಿರ ಹೋದೆ. ರಹಮತ್ ಸಾಬರು ಹೆದ್ದಾರಿಯ ಪಕ್ಕ ಲಾರಿಗಳಿಗೆ ಬಾಡಿ ಕಟ್ಟುವವರು. ಅವರ ತಾತ ಜಟಕಾ ಕಟ್ಟುತ್ತಿದ್ದರಂತೆ. ಕಬ್ಬಿಣ, ಮರ, ಸೀಟು, ಬಣ್ಣ, ಎಲ್ಲಾ ಅವರ ಕೈಗೆ ಬರುತ್ತದೆ. ಅಪ್ಪನ ಆಸೆ ಕೇಳಿ ಅವರ ಕಣ್ಣು ತೇವವಾಯಿತು. ನನ್ನ ಯೋಜನೆ ಕೇಳಿ ಒಣಗಿತು.

"ಮೇಷ್ಟ್ರೇ, ಒಂದು ಮಾಡಾಣ ಬಿಡ್ರಿ. ನೋಡ್ಕಂಡು, ತಿದ್ಕಂಡು ಮಾಡಿದ್ರೆ ನಾಕು ತಿಂಗ್ಳಾಗೆ ಏಳ್ತೈತೆ. ಒಂದು ರೆಕ್ಕೆ ಆ ಕಡೆ, ಒಂದು ಈ ಕಡೆ."

"ಸಾಬ್ರೇ, ಅದು ಹಳೇ ಪದ್ಧತಿ. ಕಣ್ಣಳತೆ ಕೆಲಸ."

"ಕಣ್ಣಳತೆ ಅಂದ್ರೆ ಕೆಟ್ಟದ್ದೇನ್ರೀ? ನಲವತ್ತು ವರ್ಷದಿಂದ ಲಾರಿ ಕಟ್ತಿದೀನಿ. ಎಲ್ಲಾಕ್ಕೂ ಎರಡೂ ಕಡೆ ಐತೆ."

ಈ ಮಾತಿನ ಆಳ ನನಗೆ ಆಗ ಹೊಳೆಯಲಿಲ್ಲ.

ಖಾಲಿ ಬಿದ್ದಿದ್ದ ಒಂದು ಕಡ್ಲೆಕಾಯಿ ಗೋದಾಮನ್ನು ಹಿಡಿದು ಕಾರ್ಖಾನೆ ತೆರೆದೆ. ನೆಲದ ಮೇಲೆ ಹಳದಿ ಗೆರೆ ಎಳೆಸಿದೆ. ಒಂದನೇ ನಿಲ್ದಾಣ: ರಹಮತ್ ಸಾಬರು, ಪೈಪು ಕತ್ತರಿಸಿ ಬೆಸೆಯುವುದು. ಎರಡನೇ ನಿಲ್ದಾಣ: ನನ್ನ ಭಾಮೈದ ಓಂಕಾರಿ, ಶ್ರೀರಾಂಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು, ರೆಕ್ಕೆಯ ಉಬ್ಬಿಗೆ ಪಟ್ಟಿ ಬಗ್ಗಿಸುವುದು. ಮೂರನೇ ನಿಲ್ದಾಣ: ಮಂಜುಳಾ, ರೆಕ್ಕೆಗೆ ಬಟ್ಟೆ ಹೊಲಿದು ಬಿಗಿಯುವುದು. ನಾಲ್ಕನೇ ನಿಲ್ದಾಣ: ನಾನು, ಸ್ಟಾಪ್‌ವಾಚ್. ಹಾರಿಸುವವನೂ ನಾನೇ ಎಂದು ತೀರ್ಮಾನವಾಗಿತ್ತು. ಆ ತೀರ್ಮಾನದ ಸಭೆಯಲ್ಲಿ ನಾನೊಬ್ಬನೇ ಇದ್ದೆ.

ಮೊದಲ ಮೂರು ತಿಂಗಳು ವಿಮಾನದ ಒಂದು ಮೊಳೆಯೂ ಆಗಲಿಲ್ಲ. ಯಾಕೆಂದರೆ ಮೊದಲು ಅಚ್ಚು. ಅಚ್ಚು ಎಂದರೆ ರೆಕ್ಕೆಯನ್ನು ಮಲಗಿಸಿ ಕಟ್ಟುವ ಕಬ್ಬಿಣದ ಮಂಚ. ಅದರಲ್ಲಿ ಕಟ್ಟಿದ ಪ್ರತಿ ರೆಕ್ಕೆಯೂ ಹಿಂದಿನದರ ಅವಳಿ. ಅಂಥ ಅಚ್ಚು ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಈಗಲೂ ಹೇಳಬಲ್ಲೆ. ಆ ಮೂರು ತಿಂಗಳಲ್ಲಿ ಅಪ್ಪನಿಗೆ ಪಕ್ಕದಿಂದ ಬರುವವರು ಕಾಣುವುದು ನಿಂತಿತು. ನೇರ ಎದುರಿಗೆ ನಿಂತರೆ ಮಾತ್ರ ಗುರುತು ಸಿಗುತ್ತಿತ್ತು.

ಕಾರು ಕಾರ್ಖಾನೆಯ ಇನ್ನೊಂದು ಒಳ್ಳೆಯ ಪದ್ಧತಿಯನ್ನೂ ತಂದೆ. ಗೋದಾಮಿನ ಉದ್ದಕ್ಕೂ ಒಂದು ಹಗ್ಗ, ತುದಿಗೆ ಗಂಟೆ. ತಪ್ಪು ಕಂಡವರು ಯಾರೇ ಇರಲಿ, ಹಗ್ಗ ಎಳೆಯಬೇಕು. ಕೆಲಸ ನಿಲ್ಲುತ್ತದೆ. ತಪ್ಪು ತಿದ್ದಿದ ಮೇಲೆ ಮುಂದಕ್ಕೆ. ಪ್ರತಿ ಸಲ ನಿಂತ ಕಾರಣವನ್ನೂ ನಷ್ಟವಾದ ನಿಮಿಷವನ್ನೂ ನಾನು ಪುಸ್ತಕದಲ್ಲಿ ಬರೆಯುವುದು.

ಮೊದಲ ದಿನ ಗಂಟೆ ಬಾರಿಸಿತು. ಓಡಿ ಹೋದೆ.

"ಏನು ತಪ್ಪಾಯ್ತು?"

"ಚಿತ್ರಾನ್ನ ಆರ್ತಾ ಐತೆ. ಬರ್ರಿ, ಕುಂತ್ಕಳ್ರಿ," ಎಂದಳು ಮಂಜುಳಾ.

"ಇದು ತಪ್ಪಲ್ಲ!"

"ಆರಿದ ಚಿತ್ರಾನ್ನ ತಿನ್ನೋದು ತಪ್ಪೇ."

ಬರೆದುಕೊಂಡೆ. ಕಾರಣ: ಚಿತ್ರಾನ್ನ. ನಷ್ಟ: ಇಪ್ಪತ್ತೆರಡು ನಿಮಿಷ. ಎರಡನೇ ದಿನ ಓಂಕಾರಿ ಹಗ್ಗದ ಮೇಲೆ ಟವಲ್ ಒಣಹಾಕಿದ. ದಿನವೆಲ್ಲ ಗಾಳಿ ಬೀಸಿದಾಗಲೆಲ್ಲ ಗಂಟೆ!

ಆದರೂ ಮೂರು ರೆಕ್ಕೆ ಮುಗಿದವು. ಗೋಡೆಗೆ ಸಾಲಾಗಿ ಒರಗಿಸಿದ್ದೆ. ಒಂದು ಶನಿವಾರ ಅಪ್ಪ ಬಂದ. ನಮ್ಮ ಕೆಲಸದ ಸದ್ದಿನಿಂದ ದೂರ, ರೆಕ್ಕೆಗಳ ಹತ್ತಿರ ನಿಂತು, ಒಂದೊಂದನ್ನೂ ತುದಿಯಿಂದ ಬುಡದವರೆಗೆ ಕೈಯಿಂದ ಸವರಿದ. ಮತ್ತೆ ಮೊದಲನೆಯದಕ್ಕೆ ಬಂದ. ಆಮೇಲೆ ತಡಕಾಡಿ ಹಗ್ಗ ಹುಡುಕಿ ಎಳೆದ.

ಎಲ್ಲರೂ ಕೈ ನಿಲ್ಲಿಸಿದರು.

"ಏನಪ್ಪಾ?"

"ಇವೆಲ್ಲಾ ಒಂದೇ ಕಡೇವು ಅಲ್ವೇನಪ್ಪ? ಹಕ್ಕಿಗೆ ಎರಡು ಕಡೇವು ಇರ್ತಾವೆ."

ಕೋಪ ಬಂದಾಗ ನನ್ನ ಬಾಯಿಗೆ ಪುಸ್ತಕದ ಕನ್ನಡ ಬರುತ್ತದೆ. "ಅಪ್ಪಾ, ಇದು ಹಕ್ಕಿಯಲ್ಲ, ಉತ್ಪಾದನೆ! ಮೊದಲು ಎಡಗಡೆಯದು ಎಲ್ಲವೂ ಮುಗಿಯಬೇಕು. ಆಮೇಲೆ ಅಚ್ಚನ್ನು ಮಗುಚಿ ಹಾಕಿದರೆ ಬಲಗಡೆಯದು ತಾನಾಗಿ ಬರುತ್ತದೆ. ಇದೆಲ್ಲ ಓದಿದವರಿಗೆ ಗೊತ್ತಿರುತ್ತದೆ."

"ಹಂಗಾ," ಎಂದ ಅಪ್ಪ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ಹಗ್ಗ ಇರುವುದು ಕೆಲಸಗಾರರು ಎಳೆಯುವುದಕ್ಕೆ. ಸುಮ್ಮನೆ ಬಂದವರು ಎಳೆಯುವುದಕ್ಕಲ್ಲ."

ಅಪ್ಪ ಹಗ್ಗವನ್ನು ಮೆಲ್ಲಗೆ ಬಿಟ್ಟ. ಗಂಟೆ ಇನ್ನೊಂದು ಸಲ ಬಾರಿಸಬಾರದು ಎಂಬಷ್ಟು ಮೆಲ್ಲಗೆ. ರಹಮತ್ ಸಾಬರು ಪೈಪಿನ ಕಡೆ ತಿರುಗಿದರು. ನಾನು ಪುಸ್ತಕ ತೆಗೆದು ಬರೆದೆ. ಕಾರಣ: ಅಪ್ಪ. ನಷ್ಟ: ನಾಲ್ಕು ನಿಮಿಷ.

ಎಂಟನೇ ರೆಕ್ಕೆ ನಡೆಯುತ್ತಿದ್ದಾಗ ಊರಿಗೆ ಹೆಲಿಕಾಪ್ಟರ್ ಬಂತು. ಮೂರು ದಿನ ಇರುತ್ತದೆ, ಟಿಕೆಟ್ ಕೊಂಡವರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತದೆ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ಸಂಜೆ ರಹಮತ್ ಸಾಬರು ಮನೆಗೇ ಬಂದರು. ಅಪ್ಪ ಜಗಲಿಯ ಮೇಲೆ ಕೂತಿದ್ದ.

"ಮೇಷ್ಟ್ರೇ, ನಾಳೆ ಹತ್ತು ಗಂಟೆಗೆ ಅಪ್ಪಾರಿಗೆ ಒಂದು ಸೀಟು ಹೇಳಿದೀನಿ. ಕಾಲೇಜ್ ಫೀಲ್ಡಿಂದ ಎದ್ದು, ಬಬ್ಬೂರ ಮ್ಯಾಲೆ ಹಾದು, ಡ್ಯಾಮ್ ತೋರ್ಸಿ ಬರ್ತೈತಂತೆ. ಫಾರಂ ಮ್ಯಾಲೇ ಹೋಗ್ತೈತೆ. ನಾನೇ ಕೇಳ್ಕಂಡು ಬಂದೆ."

ನನಗೆ ಅವಮಾನವಾಯಿತು. ಗೋದಾಮಿನಲ್ಲಿ ಏಳು ರೆಕ್ಕೆ ಇಟ್ಟುಕೊಂಡು ಬಾಡಿಗೆ ವಿಮಾನ ಹತ್ತುವುದೇ?

"ಸಾಬ್ರೇ, ಅದರ ಸದ್ದು ಕೇಳಿದ್ದೀರಾ? ಹಿಟ್ಟಿನ ಗಿರಣಿಗೆ ಫ್ಯಾನ್ ಕಟ್ಟಿದ ಹಾಗೆ! ಅಪ್ಪನಿಗೆ ಸದ್ದು ಬೇಡ. ಇನ್ನೆರಡು ತಿಂಗಳಿಗೆ ನಮ್ಮದೇ ಬರ್ತದೆ."

"ಎರಡು ತಿಂಗ್ಳು..." ಎಂದು ಸಾಬರು ಅಪ್ಪನ ಮುಖ ನೋಡಿದರು.

"ಅಲ್ವೇನಪ್ಪಾ?" ಎಂದೆ ನಾನು.

"ನೀನು ಓದಿದೋನು. ನೀನು ಹೇಳ್ದಂಗೆ," ಎಂದ ಅಪ್ಪ.

ಅದನ್ನು ನಾನು ಪ್ರಶಸ್ತಿಪತ್ರ ಎಂದುಕೊಂಡೆ.

ಮೂರು ದಿನ ಹೆಲಿಕಾಪ್ಟರ್ ನಮ್ಮ ಗೋದಾಮಿನ ಮೇಲೆಯೇ ಹಾದು ಹೋಯಿತು. ತಗಡು ಅದುರಿ ಹಗ್ಗ ಕುಣಿದು ಗಂಟೆ ತಾನಾಗಿ ಬಾರಿಸುತ್ತಿತ್ತು. ಕಾರಣ: ಹೆಲಿಕಾಪ್ಟರ್ ಎಂದು ಒಂದು ಪುಟವೇ ತುಂಬಿತು. ಮೂರೂ ಸಂಜೆ ಮನೆಗೆ ಹೋದಾಗ ಅಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ.

"ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದೆ.

"ಎಲ್ಲೂ ಇಲ್ಲ ಕಣಪ್ಪ."

ಹನ್ನೊಂದನೇ ರೆಕ್ಕೆ ಮುಗಿಯುವಷ್ಟರಲ್ಲಿ ಎಡಗಡೆಗೆಂದು ತಂದಿದ್ದ ಪೈಪೂ ಮುಗಿಯಿತು. ಜೋಡಣೆಯ ದಿನ ಬಂತು. ಚಕ್ರದ ಮೇಲೆ ಕೂತ ಚೌಕಟ್ಟು, ಸಾಬರು ಮಾಡಿದ, ಇಬ್ಬರು ಕೂರುವ ಕೆಂಪು ಸೀಟು, ಹಿಂದೆ ಇಲೆಕ್ಟ್ರಿಕ್ ಆಟೋದ ಮೋಟಾರು, ಮರದ ದೊಡ್ಡ ಫ್ಯಾನು. ಎಡ ರೆಕ್ಕೆ ಕೂರಿಸಿದೆವು. ಒಂದು ಕೂದಲೆಳೆ ಸಂದಿಲ್ಲ! ಎಡಗಡೆ ಕೂರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಿಂದೆ ಸರಿದು ನೋಡಿದೆ. ಕಣ್ಣಿಗೆ ಹಬ್ಬ.

"ಈಗ ಅಚ್ಚು ಮಗುಚ್ರಿ. ಬಲಗಡೆ ಶುರು ಮಾಡಾಣ," ಎಂದೆ.

ಅಚ್ಚು ಮಗುಚಲು ಲಾರಿ ಶೆಡ್ಡಿನಿಂದ ಆರು ಜನ ಬಂದರು. ಮಗುಚಿದರು. ನೋಡಿದರೆ ಅಚ್ಚಿನಲ್ಲಿ ರೆಕ್ಕೆ ಕೂರುವ ಜಾಗವೆಲ್ಲ ನೆಲದ ಕಡೆಗೆ ಹೋಗಿತ್ತು! ಮೇಲೆ ಬರೀ ಮಂಚದ ಕಾಲುಗಳು.

"ಭಾವ, ಅಚ್ಚು ಯಾಕೆ? ಎಡಗಡೇದನ್ನೇ ಒಂದು ಮಗುಚಿ ಬಲಕ್ಕೆ ಹಾಕಿದ್ರೆ?" ಎಂದ ಓಂಕಾರಿ.

ಹಾಕಿದೆವು. ರೆಕ್ಕೆಯ ಉಬ್ಬು ಮೇಲಿರಬೇಕು, ಅದೇ ಎತ್ತುವುದು. ಮಗುಚಿದ್ದಕ್ಕೆ ಉಬ್ಬು ಕೆಳಗೆ ಬಂತು. ಸಾಬರು ಗಡ್ಡ ಕೆರೆದುಕೊಂಡರು. "ಮೇಷ್ಟ್ರೇ, ಒಂದು ಕಡೆ ಮ್ಯಾಲಕ್ಕೆ ಎತ್ತುತ್ತೆ, ಒಂದು ಕಡೆ ಕೆಳಕ್ಕೆ ಒತ್ತುತ್ತೆ. ಇದು ವಿಮಾನ ಅಲ್ರೀ, ಬುಗುರಿ."

ಮಗುಚದೆ, ಹಿಂದುಮುಂದು ತಿರುಗಿಸಿ ಹಾಕಿದೆವು. ಉಬ್ಬು ಮೇಲೆ ಬಂತು. ಆದರೆ ಹಿಂದಿರಬೇಕಾದ ಅಂಚು ಮುಂದಕ್ಕೆ ಬಂತು. ಅರ್ಧ ವಿಮಾನ ಬೆಂಗಳೂರಿಗೆ, ಅರ್ಧ ವಿಮಾನ ಚಿತ್ರದುರ್ಗಕ್ಕೆ ಹೊರಟು ನಿಂತಿತು!

ಬಲಗಡೆಗೆ ಬೇರೆಯೇ ಅಚ್ಚು ಬೇಕು. ಅಂದರೆ ಇನ್ನು ಮೂರು ತಿಂಗಳು. ಗೋಡೆಗೆ ಒರಗಿದ್ದ ಹತ್ತು ಎಡ ರೆಕ್ಕೆಗಳು ಒಂದೇ ಕಡೆಗೆ ವಾಲಿಕೊಂಡು ನನ್ನನ್ನೇ ನೋಡುತ್ತಿದ್ದವು. ಆರು ಜನರೂ ನಗಬಾರದು ಎಂದು ಬೀಡಿ ಹಚ್ಚಲು ಹೊರಗೆ ಹೋದರು. ನಾನು ಪುಸ್ತಕ ತಿರುವಿ ಆ ಶನಿವಾರದ ಪುಟ ತೆಗೆದೆ. ನಷ್ಟ: ನಾಲ್ಕು ನಿಮಿಷ. ನನ್ನ ಅಕ್ಷರ ದುಂಡಗೆ ಚೆನ್ನಾಗಿತ್ತು.

"ಹೋಗ್ಲಿ ಬಿಡು," ಎಂದೆ ಮಂಜುಳಾಗೆ. "ಅಪ್ಪನಿಗೆ ಇನ್ನು ಮೂರು ತಿಂಗಳು ಕಾಯೋಕೆ ಹೇಳ್ತೀನಿ. ಹೆಲಿಕಾಪ್ಟರೂ ಅವನಿಗೆ ಬೇಕಾಗಿರಲಿಲ್ಲ."

ಅವಳು ಕತ್ತರಿ ಕೆಳಗಿಟ್ಟಳು. "ಬೇಕಾಗಿರ್ಲಿಲ್ಲ ಅಂತ ಯಾರಂದ್ರು? ಐದಕ್ಕೇ ಎದ್ದು, ಸ್ನಾನ ಮಾಡಿ, ಚಪ್ಪಲಿ ಮೆಟ್ಕಂಡು ಕುಂತಿದ್ರು. ನೀವು ಬಂದು 'ನಡಿಯಪ್ಪ, ಹೋಗಾಣ' ಅಂತೀರೇನೋ ಅಂತ. ಮೂರು ದಿನಾನೂ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬ್ಯಾಡ ಅಂದ್ರು. ಅವ್ನು ಓದಿದೋನು, ಏನೋ ಲೆಕ್ಕ ಹಾಕಿರ್ತಾನೆ ಅಂದ್ರು."

ಮುಂದಿನ ವಾರ ಚಿತ್ರದುರ್ಗಕ್ಕೆ ಹೋದೆವು. ಡಾಕ್ಟರು ಟಾರ್ಚ್ ಹಾಕಿ, ಕೈ ಆಡಿಸಿ ನೋಡಿದರು. ಬೆಳಕು ಇದೆಯೋ ಇಲ್ಲವೋ ಎಂಬುದು ಮಾತ್ರ ತಿಳಿಯುತ್ತದೆ, ಅದಕ್ಕಿಂತ ಹೆಚ್ಚಿಗೆ ಇಲ್ಲ ಎಂದರು. ಒಂದು ವರ್ಷ ಎಂದಿದ್ದರಲ್ಲ ಎಂದು ಜಗಳಕ್ಕೆ ಹೋದೆ. "ಇದ್ದರೆ ಹೆಚ್ಚು ಅಂದಿದ್ದೆ," ಎಂದರು ಅವರು, ಬೇಸರ ಮಾಡಿಕೊಳ್ಳದೆ. ವಾಪಸ್ ಬರುವ ಬಸ್ಸಿನಲ್ಲಿ ಅಪ್ಪ ಕೇಳಿದ: "ಕಿಟಕಿ ಯಾವ್ ಕಡೆ ಐತಪ್ಪ?" ಕೈ ಹಿಡಿದು ತೋರಿಸಿದೆ. ಅಷ್ಟು ಮಾಡಲು ಬಿ.ಇ. ಬೇಕಾಗಿರಲಿಲ್ಲ.

ಗೋದಾಮಿಗೆ ಬೀಗ ಹಾಕಿದೆ. ಒಂದು ಭಾನುವಾರ ಅಪ್ಪನೇ ಕೇಳಿದ. "ನನ್ನ ಅಲ್ಲಿಗೆ ಕರ್ಕಂಡ್ ಹೋಗು. ಒಂದ್ಸಲ ಕುಂತು ನೋಡ್ತೀನಿ."

ಒಂದೇ ರೆಕ್ಕೆಯ ವಿಮಾನ ಒಂದು ಕಡೆ ಬಾಗಿಕೊಂಡು ನಿಂತಿತ್ತು. ಕೈ ಹಿಡಿದು ಹತ್ತಿಸಿದೆ. ಅಪ್ಪ ಸೀಟು ಸವರಿದ. "ಸಾಬ್ರು ಬಲು ಚೆನ್ನಾಗಿ ಮಾಡವ್ರೆ. ಚಾಲೂ ಮಾಡು."

"ಹಾರಲ್ಲ ಅಪ್ಪಾ."

"ಗೊತ್ತೈತೆ. ಗಾಳಿ ಬರ್ಲಿ."

ಚಕ್ರಗಳಿಗೆ ಕಲ್ಲು ಕೊಟ್ಟು ಚಾಲೂ ಮಾಡಿದೆ. ಫ್ಯಾನು ತಿರುಗಿತು. ಅಪ್ಪನ ಬಿಳಿ ಕೂದಲು ಹಾರಾಡಿತು. ಮುಖ ಮುಂದಕ್ಕೆ ಚಾಚಿ ಗಾಳಿಗೆ ಒಡ್ಡಿದ.

"ಈಗ ಫಾರಂ ಮ್ಯಾಲೆ ಇದೀವಿ ಅನ್ಕಳಾಣ. ಏನ್ ಕಾಣ್ತೈತೆ ಹೇಳು."

ನಾನು ಪಕ್ಕದಲ್ಲಿ ನಿಂತು ಯೋಚಿಸಿದೆ. ಕಾಲೇಜಿನ ದಿನಗಳಲ್ಲಿ, ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದವರಿಗೆ "ಕೃಷಿ ಸಂಶೋಧನೆಯಲ್ಲಿ ಇದ್ದಾರೆ" ಎನ್ನುತ್ತಿದ್ದೆ. ಡಬ್ಬ ಬಡಿಯುವುದನ್ನು ಗೆಳೆಯರು ನೋಡಿಯಾರು ಎಂದು ದೊಡ್ಡವನಾದ ಮೇಲೆ ಆ ಫಾರಂ ಒಳಗೆ ಕಾಲಿಟ್ಟಿರಲಿಲ್ಲ.

"ಕೆಳಗೆ... ಹೊಲ ಐತೆ."

"ಎಂಥ ಹೊಲ?"

"ಹಸಿರು."

"ಸಜ್ಜೆ ಹಸ್ರಾ, ಜೋಳದ ಹಸ್ರಾ?"

"ಜೋಳ."

"ಬಾವಿ ಪಕ್ಕದ ತಾಕಿನಾಗಾ?"

"ಹೂಂ."

ಅಪ್ಪ ನಕ್ಕುಬಿಟ್ಟ. "ಲೇ, ಅಲ್ಲಿ ಯಾವತ್ತೂ ಜೋಳ ಹಾಕಿಲ್ಲ ಕಣೋ. ಅದು ಸೂರ್ಯಕಾಂತಿ ತಾಕು. ನೀನು ಯಾವ ಊರ ಮ್ಯಾಲೆ ಹೋಗ್ತಿದೀಯೋ!"

ಆಮೇಲೆ ಅವನೇ ಹೇಳಿದ. ಬಾವಿಯಿಂದ ಪೂರ್ವಕ್ಕೆ ನಾಲ್ಕು ಹಳದಿ ಚೌಕ. ಅದರಾಚೆ ಸಜ್ಜೆ, ಬೂದಿ ಬೆರೆಸಿದಂಥ ಹಸಿರು. ನಡುವೆ ಕೆಂಪು ಮಣ್ಣಿನ ದಾರಿ, ದಾರಿಯ ಕೊನೆಗೆ ಹುಣಸೆಮರ, ಮರದ ಬುಡದಲ್ಲಿ ಊಟದ ಗಂಟುಗಳು. ಬೆರಳು ಮಾಡಿ ಒಂದೊಂದೇ ತೋರಿಸಿದ. ನಾನು ಅವನ ಬೆರಳು ಹೋದ ಕಡೆಗೆಲ್ಲ ನೋಡಿದೆ. ತಗಡು ಕಂಡಿತು, ಗೋಡೆ ಕಂಡಿತು.

"ಗಿಳಿ ಬಂದಾವಾ?" ಎಂದು ಕೇಳಿದ.

"ಬಂದಾವೆ."

"ತಿನ್ಲಿ ಬಿಡು."

ಎಷ್ಟೋ ಹೊತ್ತಿನ ಮೇಲೆ "ಸಾಕು, ಇಳ್ಸು" ಎಂದ. ಮೋಟಾರು ನಿಲ್ಲಿಸಿದೆ. ಅಪ್ಪ ಒಂದು ಕಾಲನ್ನು ಹೊರಗೆ ಚಾಚಿ, ಗಾಳಿಯಲ್ಲಿ ಆಡಿಸುತ್ತಾ ಹುಡುಕಿದ.

"ನೆಲ ಎಷ್ಟು ಕೆಳಗೈತಪ್ಪ?"

"ಒಂದು ಗೇಣು, ಅಪ್ಪಾ."

ನನ್ನ ವಿಮಾನ ಇಲ್ಲಿಯವರೆಗೆ ಮುಟ್ಟಿದ ಅತಿ ಹೆಚ್ಚಿನ ಎತ್ತರ ಅದೇ. ಅದೂ ಚಕ್ರಗಳ ದಯೆ.